ನಾಲ್ಕನೆಯ ಚಕ್ರ

ಬೆಂಕಿ ಬಿದ್ದ ಮನೆಯ ಮುಂದೆ ಗಾಡಿ ನಿಲ್ಲಿಸಿದ ಕೂಡಲೇ ನಾವು ಕೇಳುವ ಮಾತು ಒಂದೇ: "ಮ್ಯಾಲೆ ಎಷ್ಟೈತೆ?" ಆ ಮನೆಯಲ್ಲಿ ಒಲೆ ಹಚ್ಚುವ ಹಿರಿಯರು ಹೊರಗೆ ಬಂದು ಒಂದು ಸಂಖ್ಯೆ ಹೇಳಬೇಕು. ಅವರು ಹೇಳಿದಷ್ಟು ಚಕ್ರಗಳನ್ನು ನಾನು ಪಂಪಿನಲ್ಲಿ ಕೂಡಿಸುತ್ತೇನೆ. ಹೆಚ್ಚು ಹೇಳಿದರೆ ಗೋಡೆ ಒಡೆಯುತ್ತದೆ, ಕಡಿಮೆ ಹೇಳಿದರೆ ನೀರು ಮುಟ್ಟುವುದಿಲ್ಲ. ನೀವೇ ಕತ್ತೆತ್ತಿ ಎಣಿಸಿಕೊಳ್ಳಬಹುದಲ್ಲ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಅವರಿಗೆ ಉತ್ತರ ಕೊಡುವ ಗೋಜಿಗೆ ನಾನು ಹೋಗುವುದಿಲ್ಲ. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಕೊಡೆ ಸಿಗುತ್ತದೆ, ಮೊದಲು ಅದನ್ನು ಕೊಂಡುಕೊಳ್ಳಿ ಎನ್ನುತ್ತೇನೆ.

ಸತ್ತವರು ಮೇಲೆ ಹೋಗುತ್ತಾರೆ ಎಂದು ಎಲ್ಲ ಊರಿನವರೂ ಹೇಳುತ್ತಾರೆ. ನಮ್ಮ ಊರಿನಲ್ಲಿ ಅವರು ಅಷ್ಟು ದೂರ ಹೋಗುವುದಿಲ್ಲ. ಒಬ್ಬರು ತೀರಿಕೊಂಡ ಕೆಲವು ದಿನಕ್ಕೆ ಅವರ ಮನೆಯ ಮೇಲೆ ಒಂದು ಮಹಡಿ ಏಳುತ್ತದೆ. ಗಾರೆಯವನಿಲ್ಲ, ಇಟ್ಟಿಗೆಯಿಲ್ಲ. ಮನೆಯವರು ಉಣ್ಣುತ್ತ ಕೂತಿರುವಾಗ ಯಾರೋ ಭಾರದ ಪೆಟ್ಟಿಗೆ ಎಳೆದಂತೆ ತಲೆಯ ಮೇಲೆ ಸದ್ದಾಗುತ್ತದೆ, ತಟ್ಟೆಗೆ ಒಂದಿಷ್ಟು ಸುಣ್ಣದ ಪುಡಿ ಉದುರುತ್ತದೆ. ಹಿರಿಯರು ತಟ್ಟೆ ಸರಿಸಿ "ಬಂದ್ರು" ಎನ್ನುತ್ತಾರೆ. ಆಮೇಲೆ ಊಟ ಮುಂದುವರಿಯುತ್ತದೆ. ಸತ್ತದ್ದು ಪರಸ್ಥಳದಲ್ಲಾದರೂ, ಸುದ್ದಿ ಬಾರದಿದ್ದರೂ, ಮಹಡಿ ಮಾತ್ರ ತಪ್ಪದೆ ತನ್ನ ಮನೆಯ ಮೇಲೆಯೇ ಬಂದು ಕೂರುತ್ತದೆ.

ಮೇಲಿನವರ ಜೊತೆ ಬದುಕುವುದು ಕಷ್ಟವೇನಲ್ಲ. ಆಗಾಗ ಓಡಾಡುವ ಸದ್ದು ಕೇಳುತ್ತದೆ, ಒಗ್ಗರಣೆಯ ವಾಸನೆ ಬರುತ್ತದೆ. ಸಂಜೆ ಕೊನೆಯ ಮೆಟ್ಟಿಲ ಮೇಲೆ ಒಂದು ಕೊಡ ನೀರು ಇಡಬೇಕು. ಬೆಳಿಗ್ಗೆ ಕೊಡ ಬರಿದಾಗಿರುತ್ತದೆ. ನೀರಲ್ಲದೆ ಬೇರೇನನ್ನೂ ಇಡಬಾರದು. ಮೆಟ್ಟಿಲ ತುದಿಯ ಬಾಗಿಲಿಗೆ ಚಿಲಕವಿಲ್ಲ, ಆದರೂ ಯಾರೂ ಅದನ್ನು ತಳ್ಳುವುದಿಲ್ಲ. ಇನ್ನು ಪರರ ಮನೆಯ ಮಹಡಿಗಳನ್ನು ಎಣಿಸುವಂತಿಲ್ಲ. ಎಣಿಸಿದವನು ಮಲಗುವ ಮನೆಯ ಮೇಲೆ ಆ ವಾರದೊಳಗೆ ಒಂದು ಏಳುತ್ತದೆ. ಹೊಸದಾಗಿ ಬಂದಿದ್ದ ಪೋಸ್ಟ್ ಮಾಸ್ತರರೊಬ್ಬರು ನಗುನಗುತ್ತ ಬೆರಳು ಮಡಚಿ ನಮ್ಮ ಪೇಟೆಬೀದಿಯ ಒಂದು ಮನೆಯನ್ನು ಎಣಿಸಿದ್ದರು. ಅವರಿಗೆ ಬಾಡಿಗೆಗೆ ಕೊಟ್ಟಿದ್ದ ಮನೆಯ ಮಾಲೀಕ, ಗುರುತಿಲ್ಲದವರನ್ನು ತಲೆಯ ಮೇಲೆ ಹೊರುವಂತಾಯಿತಲ್ಲ ಎಂದು ಇವತ್ತಿಗೂ ಬೈಯುತ್ತಾನೆ. ಆದ್ದರಿಂದ ನಾವು ನೆಲ ನೋಡಿಕೊಂಡೇ ನಡೆಯುತ್ತೇವೆ. ಮಕ್ಕಳಿಗೆ ಆಕಾಶ ತೋರಿಸಬೇಕೆಂದರೆ ಊರಾಚೆ ಹೊಳೆಯ ಮರಳಿಗೆ ಕರೆದುಕೊಂಡು ಹೋಗುತ್ತೇವೆ.

ಮೇಲಿನವರಿಗೆ ಮರೆವು ಹೆಚ್ಚು. ಒಲೆ ಹಚ್ಚಿ ಮರೆಯುತ್ತಾರೆ. ಆಗ ಬೀದಿಯ ಮೇಲೆ ಬೂದಿ ಉದುರುತ್ತದೆ, ಯಾರಾದರೂ ಠಾಣೆಗೆ ಓಡಿಬರುತ್ತಾರೆ. ಕೆಳಗಿನ, ಅಂದರೆ ನಮ್ಮಂಥವರ ಮನೆಯ ಬೆಂಕಿಯನ್ನು ನೆರೆಹೊರೆಯವರು ಬಕೀಟು ಹಿಡಿದು ಆರಿಸಿಕೊಳ್ಳುತ್ತಾರೆ. ಅಗ್ನಿಶಾಮಕ ಠಾಣೆ ಇರುವುದು ಮೇಲಿನ ಬೆಂಕಿಗೆ. ನಮ್ಮದು ಹಳೆಯ ಗಾಡಿ, ಬಾಗಿಲು ಹಗ್ಗದಲ್ಲಿ ಕಟ್ಟಿದ್ದು, ಆದರೆ ಹುಣಸೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ. ಅದರ ಹೊಟ್ಟೆಯಲ್ಲಿರುವ ಪಂಪು ನಾಲ್ಕು ಚಕ್ರದ್ದು. ಅದನ್ನು ನಡೆಸುವವನು ನಾನು, ಓಬಳೇಶ. ಊರಿನವರಿಗೆ ಪಂಪಿನ ಓಬಣ್ಣ.

ಪಂಪು ನೀರನ್ನು ಎಳೆಯುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಹೇಳಿ ಹೇಳಿ ನನಗೆ ಸಾಕಾಗಿದೆ. ಪಂಪು ಏನನ್ನೂ ಎಳೆಯುವುದಿಲ್ಲ. ಬಾವಿಗೆ ದಪ್ಪ ಪೈಪು ಇಳಿಬಿಟ್ಟು, ಮೊದಲು ಅದರೊಳಗಿನ ಗಾಳಿಯನ್ನೆಲ್ಲ ಹೊರಹಾಕಬೇಕು. ಒಳಗೆ ಗಾಳಿ ಇಲ್ಲವಾದಾಗ ಹೊರಗಿನ ಗಾಳಿ ಬಾವಿಯ ನೀರನ್ನು ಒತ್ತಿ ತಾನಾಗಿ ಮೇಲೆ ಕಳಿಸುತ್ತದೆ. ಒಂದು ಹಿಡಿ ಗಾಳಿ ಉಳಿದರೂ ಚಕ್ರ ಬರಿದೇ ಗಿರಗಿರ ತಿರುಗುತ್ತದೆಯೇ ಹೊರತು ಒಂದು ಹನಿ ಸಾಗಿಸುವುದಿಲ್ಲ. ನೀರು ತುಂಬಿದ ಮೇಲೆ ಆಟ ಶುರು. ನೀರು ಚಕ್ರದ ನಟ್ಟನಡುವೆ ಒಳಗೆ ಬರುತ್ತದೆ, ಚಕ್ರ ಅದನ್ನು ಅಂಚಿಗೆ ಎಸೆಯುತ್ತದೆ, ಅಂಚಿನ ಸುತ್ತ ಇರುವ ಕವಚದಲ್ಲಿ ಆ ಓಟವೆಲ್ಲ ಒತ್ತಡವಾಗಿ ನಿಲ್ಲುತ್ತದೆ. ಆ ಒತ್ತಡದ ನೀರನ್ನು ಹಾಗೆಯೇ ಎರಡನೆಯ ಚಕ್ರದ ನಡುವಿಗೆ ಬಿಟ್ಟರೆ, ಎರಡನೆಯದು ಮೊದಲಿನಿಂದ ಶುರುಮಾಡುವುದಿಲ್ಲ. ಮೊದಲನೆಯದು ಕೊಟ್ಟದ್ದರ ಮೇಲೆ ತನ್ನದನ್ನು ಸೇರಿಸುತ್ತದೆ. ಅದರ ಮೇಲೆ ಮೂರನೆಯದು, ಅದರ ಮೇಲೆ ನಾಲ್ಕನೆಯದು. ನಾಲ್ಕೂ ಚಕ್ರ ಒಂದೇ ದಂಡದ ಮೇಲೆ ಕೂತು ಒಟ್ಟಿಗೇ ತಿರುಗುತ್ತವೆ. ಯಾವುದರ ನೀರು ಯಾವುದಕ್ಕೆ ಹೋಗಬೇಕು ಎಂಬುದನ್ನು ಮಾತ್ರ ನನ್ನ ಕೈಯಲ್ಲಿರುವ ಹಿಡಿ ತೀರ್ಮಾನಿಸುತ್ತದೆ. ಬೇರೆ ಬೇರೆಯಾಗಿ ಬಿಟ್ಟರೆ ನಾಲ್ಕು ಪಾಲು ನೀರು, ಆದರೆ ಒಂದು ಪಾಲು ಬಲ. ಸಾಲಾಗಿ ಕೂಡಿಸಿದರೆ ನಾಲ್ಕು ಪಾಲು ಬಲ, ಆದರೆ ಒಂದು ಪಾಲು ನೀರು. ಎರಡೂ ಬೇಕು ಎಂದರೆ ಆಗುವುದಿಲ್ಲ, ಸಂಸಾರದಲ್ಲಿ ಆಗದ ಹಾಗೆ.

ಮೇಲಿನವರ ಒಂದೊಂದು ಮಹಡಿಗೆ ಒಂದೊಂದು ಚಕ್ರ. ಈ ಲೆಕ್ಕ ಯಾರು ಹಾಕಿದ್ದೋ ಗೊತ್ತಿಲ್ಲ, ತಪ್ಪಿದ್ದಿಲ್ಲ. ನೀರು ಬಿಡುವವರೂ ಕತ್ತೆತ್ತುವುದಿಲ್ಲ. ನಮ್ಮ ಜಮಾದಾರ ದಸ್ತಗೀರ್ ಸಾಹೇಬರು ಮತ್ತು ಪೈಪಿನ ತುದಿಯ ನಳಿಗೆ ಹಿಡಿಯುವ ಯರ್ರಿಸ್ವಾಮಿ ಇಬ್ಬರೂ ಮುಂದಕ್ಕೆ ಚಾಚಿದ ಅಂಚಿನ ಟೊಪ್ಪಿ ಹಾಕಿಕೊಂಡು, ನೆಲ ನೋಡುತ್ತ ನೀರನ್ನು ನೆಟ್ಟಗೆ ಮೇಲಕ್ಕೆ ಬಿಡುತ್ತಾರೆ. ಮೇಲೆ ಹೋದ ನೀರು ತಿರುಗಿ ಅವರ ಬೆನ್ನ ಮೇಲೆ ಬೀಳುತ್ತದೆ. ಬೆಚ್ಚಗಿದ್ದರೆ ಬೆಂಕಿಯನ್ನು ಮುಟ್ಟಿದೆ, ತಣ್ಣಗಿದ್ದರೆ ಮುಟ್ಟಿಲ್ಲ.

ಒಮ್ಮೆ ತಣ್ಣಗೇ ಇತ್ತು. ಕಂಚುಗಾರ ಬೀದಿಯ ನಂಜುಂಡಾಚಾರಿ ತನ್ನ ಎರಡನೆಯ ಹೆಂಡತಿ ಪಕ್ಕದಲ್ಲಿ ನಿಂತಿದ್ದಾಳೆಂದು, ತೀರಿಹೋದ ಮೊದಲನೆಯವಳನ್ನು ಲೆಕ್ಕಕ್ಕೆ ಹಿಡಿಯದೆ ಎರಡು ಎಂದುಬಿಟ್ಟ. ನಾವು ಎರಡು ಚಕ್ರಕ್ಕೇ ದುಡಿದೆವು. ಗಾಳಿ ಜೋರಿದೆ, ಅದಕ್ಕೇ ನೀರು ಮುಟ್ಟುತ್ತಿಲ್ಲ ಎಂದುಕೊಂಡೆವು. ಗಾಳಿ ತಗ್ಗಲೆಂದು ಪಂಪು ನಿಲ್ಲಿಸಿ ಕಾಯುವಷ್ಟರಲ್ಲಿ ಮೂರೂ ಉರಿದುಹೋದವು. ಮಹಡಿ ಉರಿದರೆ ಅಲ್ಲಿದ್ದವರು ಕೆಳಗೆ ಬರುತ್ತಾರೆ. ಆಚಾರಿಯ ಪಡಸಾಲೆಯಲ್ಲಿ ಮೂವರೂ ಗೋಡೆಗೆ ಮುಖ ಮಾಡಿ ಸಾಲಾಗಿ ಕೂತರು. ಮೊದಲನೆಯ ಹೆಂಡತಿಯ ಮಗ ಹಿಂದೆ ನಿಂತು "ಅವ್ವಾ, ಅವ್ವಾ" ಎಂದು ಕೂಗಿದ. ಅವಳು ತಿರುಗಲಿಲ್ಲ. ನೀರು ಕೊಟ್ಟರೆ ಕುಡಿಯುತ್ತಿದ್ದರು, ಅಷ್ಟೇ. ಯಾರ ಗುರುತೂ ಇಲ್ಲ, ಯಾರ ಮಾತೂ ಇಲ್ಲ. ಮನೆಯವರು ಊರು ಬಿಟ್ಟರು. ಆ ಮೂವರು ಈಗಲೂ ಅಲ್ಲೇ ಕೂತಿದ್ದಾರೆ. ಬೀದಿಯವರು ಸರದಿಯ ಮೇಲೆ ಬಾಗಿಲಲ್ಲಿ ಕೊಡ ಇಟ್ಟು ಹೋಗುತ್ತಾರೆ. ಆ ಪಡಸಾಲೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಬೆನ್ನುಗಳು ಈಗಲೂ ನನ್ನ ಕಣ್ಣ ಮುಂದಿವೆ.

ಇನ್ನು ನಮ್ಮ ಮನೆಯ ವಿಷಯ. ನಾನು ಹುಟ್ಟಿದ ಮನೆಯ ಮೇಲೆ ಅಜ್ಜಿ, ಅಪ್ಪ, ಅವ್ವ, ಮೂವರು. ನಾನು ಮದುವೆಯಾಗಿ ಠಾಣೆಯ ಪಕ್ಕದ ವಸತಿಗೆ ಬಂದು ಬೇರೆ ಒಲೆ ಹೂಡಿದೆ. ಬೇರೆ ಒಲೆ ಹೂಡಿದವನು ಹುಟ್ಟಿದ ಮನೆಗೂ ಹೊರಗಿನವನೇ, ಎಣಿಸುವ ಹಕ್ಕಿಲ್ಲ. ಮನೆ ನನ್ನ ತಮ್ಮ ತಿಪ್ಪೇಶನಿಗೆ ಉಳಿಯಿತು. ಪೇಟೆಯಲ್ಲಿ ಅವನದು ಸೈಕಲ್ ಅಂಗಡಿ. ಪಂಕ್ಚರ್ ಹಾಕುತ್ತ ಹಾಡು ಹೇಳುವವನು, ಅರ್ಧ ಗಿರಾಕಿಗಳು ಹಾಡಿಗೆ ಬರುತ್ತಿದ್ದರು, ಇನ್ನರ್ಧ ಹಾಡು ನಿಲ್ಲಿಸಲಿ ಎಂದು ಬೇಗ ಹಣ ಕೊಟ್ಟು ಹೋಗುತ್ತಿದ್ದರು. ಅವನ ಹೆಂಡತಿ ಪಾಲಮ್ಮನದು ಮಾತು ಕಡಿಮೆ, ಆಡಿದರೆ ಕತ್ತರಿ. ಇಬ್ಬರಿಗೂ ಬಲು ಹೊಂದಿಕೆ. ಒಂದು ಬೆಳಿಗ್ಗೆ ಅವನು ಟೈರು ತರಲು ದೋಣಿ ಹತ್ತಿ ಹೊಳೆಯಾಚೆಗೆ ಹೋದ. ದೋಣಿ ಮರಳಿ ಬಂತು, ಅವನು ಬರಲಿಲ್ಲ. ಆಚೆ ದಡದಲ್ಲಿ ಇಳಿದದ್ದನ್ನು ಅಂಬಿಗ ನೋಡಿದ್ದ. ಆಮೇಲೆ ಯಾರೂ ನೋಡಿಲ್ಲ.

ವರ್ಷಗಳು ಕಳೆದವು. ಪಾಲಮ್ಮ ಕುಂಕುಮ ಇಡುತ್ತಿದ್ದಳು, ಬಳೆ ತೊಡುತ್ತಿದ್ದಳು, ಅಂಗಡಿಯನ್ನು ತಾನೇ ತೆರೆದು ತಾನೇ ಪಂಕ್ಚರ್ ಹಾಕುತ್ತಿದ್ದಳು. ಹಬ್ಬಕ್ಕೆ ಹೋದಾಗ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ಮ್ಯಾಲೆ ಎಲ್ಲಾ ಹೆಂಗವ್ರೆ?" ಎನ್ನುತ್ತಿದ್ದೆ. "ಮೂವರೂ ಚೆನ್ನಾಗವ್ರೆ ಭಾವ" ಎನ್ನುತ್ತಿದ್ದಳು. ಮೂವರೂ ಎಂಬ ಆ ಒಂದು ಮಾತನ್ನು ಕೇಳುವುದಕ್ಕೇ ನಾನು ಹೋಗುತ್ತಿದ್ದದ್ದು. ಅದನ್ನು ಕೇಳಿಕೊಂಡು ಮನೆಗೆ ಬಂದರೆ ಮುಂದಿನ ಹಬ್ಬದವರೆಗೆ ನಿದ್ದೆ ಬರುತ್ತಿತ್ತು. ಮೂರೇ ಎಂದರೆ ತಿಪ್ಪೇಶ ಎಲ್ಲೋ ಇದ್ದಾನೆ, ಯಾವುದೋ ಊರಿನಲ್ಲಿ ಯಾರದೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾನೆ.

ಮೊನ್ನೆ ಕಾರ್ತಿಕದಲ್ಲಿ, ಹೊತ್ತು ನೆತ್ತಿಗೆ ಬರುವ ಸಮಯ, ಠಾಣೆಯ ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದೆ. ಒದ್ದೆ ಬಾನೆಟ್ಟಿನ ಮೇಲೆ ಬೂದಿ ಬಂದು ಕೂತಿತು. ಹಿಂದೆಯೇ ನಮ್ಮ ಹಳೆಯ ಬೀದಿಯ ಹೂವಿನವಳು ಓಡಿಬಂದು ಏದುಸಿರಲ್ಲಿ ನನ್ನ ಮುಖ ನೋಡಿದಳು. ನನಗೆ ಅರ್ಥವಾಯಿತು. ಗಾಡಿ ಹೊರಟಿತು. ದಾರಿಯುದ್ದಕ್ಕೂ ದಸ್ತಗೀರ್ ಸಾಹೇಬರು ನನ್ನ ಭುಜದ ಮೇಲಿನ ಕೈ ತೆಗೆಯಲಿಲ್ಲ.

ಬೀದಿಯ ಬಾವಿಯ ಪಕ್ಕ ಗಾಡಿ ನಿಲ್ಲಿಸಿದೆವು. ಪಾಲಮ್ಮ ಆಗಲೇ ಹೊಸ್ತಿಲ ಹೊರಗೆ ನಿಂತಿದ್ದಳು. ಬೆಂಕಿ ಬಿದ್ದ ಮನೆಯವರು ಅಳುತ್ತಾರೆ, ಪಾತ್ರೆ ಪಡಗ ಹೊರಗೆಸೆಯುತ್ತಾರೆ. ಇವಳು ತಲೆ ಬಾಚಿ, ಹೂ ಮುಡಿದು, ಮಡಿಸೀರೆ ಉಟ್ಟು ನಿಂತಿದ್ದಳು. ಬೂದಿ ಅವಳ ಹೂವಿನ ಮೇಲೂ ಬೀಳುತ್ತಿತ್ತು.

"ಮ್ಯಾಲೆ ಎಷ್ಟೈತೆ ತಾಯೀ?" ದಸ್ತಗೀರ್ ಸಾಹೇಬರು ಕೇಳಿದರು.

"ಮೂರು" ಎಂದಳು.

ನಾನು ಪೈಪನ್ನು ಬಾವಿಗಿಳಿಸಿ, ಗಾಳಿ ತೆಗೆದು, ಮೂರು ಚಕ್ರ ಕೂಡಿಸಿದೆ. ಎಂಜಿನ್ ಏರಿಸಿದೆ. ಬಟ್ಟೆಯ ಪೈಪು ಬೀದಿಯುದ್ದಕ್ಕೂ ಮೈ ತುಂಬಿಕೊಂಡು ಬಿಗಿಯಾಯಿತು. ಯರ್ರಿಸ್ವಾಮಿ ನಳಿಗೆಯನ್ನು ತೊಡೆಗೆ ಒತ್ತಿಕೊಂಡು ನೀರನ್ನು ಮೇಲಕ್ಕೆ ಬಿಟ್ಟ. ನಾನು ಗೇಜಿನ ಮುಳ್ಳಿನ ಮೇಲೆ ಕಣ್ಣಿಟ್ಟು ಕಾದೆ. ನೀರು ತಿರುಗಿ ಬೀಳುವ ಸದ್ದು ಬಂತು. ಆಚೆ ಮೂಲೆಯಿಂದ ಸಾಹೇಬರ ಕೂಗು ಬಂತು.

"ತಣ್ಣಗೈತೆ, ಓಬಣ್ಣಾ! ನೀರು ತಣ್ಣಗೈತೆ!"

ಎಂಜಿನನ್ನು ಇನ್ನಷ್ಟು ಏರಿಸಿದೆ. ಪಂಪಿನ ಬಲವನ್ನು ಅಷ್ಟೂ ಹಿಂಡಿದೆ. ಮತ್ತೆ ಅದೇ ಕೂಗು. ಮೂರು ಚಕ್ರಕ್ಕೆ ಮುಟ್ಟುತ್ತಿಲ್ಲ ಎಂದರೆ ಅದಕ್ಕೆ ಕಾರಣ ಒಂದೇ ಎಂದು ಊರಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತು. ಆದರೂ ಬಗ್ಗಿ ಪೈಪಿನ ಕೀಲು ನೋಡಿದೆ, ಬಾವಿಯ ಜಾಲರಿಗೆ ಕಸ ಕಟ್ಟಿದೆಯೇ ನೋಡಿದೆ, ಗಾಳಿ ಸೇರಿದೆಯೇ ಎಂದು ಕಿವಿಗೊಟ್ಟೆ. ಪಂಪಿನಲ್ಲಿ ಏನಾದರೂ ತಪ್ಪಿರಲಿ ದೇವರೇ ಎಂದು ಬೇಡಿಕೊಂಡೆ. ನನ್ನ ಕೆಲಸದ ಜೀವನದಲ್ಲಿ ನಾನು ಹಾಗೆ ಬೇಡಿಕೊಂಡದ್ದು ಅದೇ ಮೊದಲು. ಪಂಪಿನಲ್ಲಿ ಯಾವ ತಪ್ಪೂ ಇರಲಿಲ್ಲ.

ಪಾಲಮ್ಮ ನನ್ನ ಪಕ್ಕಕ್ಕೆ ಬಂದು ನಿಂತಿದ್ದಳು. ಎಂಜಿನ್ನಿನ ಸದ್ದಿನಲ್ಲಿ ನಾವಿಬ್ಬರೂ ಆಡುವುದು ಬೇರೆಯವರಿಗೆ ಕೇಳುತ್ತಿರಲಿಲ್ಲ.

"ಪಾಲಾ, ನಿಜ ಹೇಳವ್ವ. ಎಷ್ಟೈತೆ?"

"ಹೇಳಿದ್ನಲ್ಲ."

"ನೀರು ಮುಟ್ತಿಲ್ಲ ಕಣವ್ವ. ಹಿಂಗೇ ಬಿಟ್ರೆ ಬೆಂಕಿ ಇಳೀತದೆ. ಅವ್ವ ಐತೆ, ಅಪ್ಪ ಐತೆ ಅಲ್ಲಿ. ಆಚಾರಿ ಪಡಸಾಲೆ ನೀನೂ ನೋಡಿದೀಯ."

ಅವಳು ನನ್ನನ್ನು ನೋಡಿದಳು. ಮುಖದಲ್ಲಿ ಕೋಪವಿರಲಿಲ್ಲ. ಮಗುವಿಗೆ ಲೆಕ್ಕ ಹೇಳಿಕೊಡುವವರ ಹಾಗೆ ನಿಧಾನವಾಗಿ ಹೇಳಿದಳು.

"ನಾಕೈತೆ ಭಾವ. ಅವರು ದೋಣಿ ಹತ್ತಿ ಹೋದ ವರ್ಷವೇ ಎದ್ದೈತೆ. ಉಣ್ತಾ ಕೂತಿದ್ದೆ, ಒಬ್ಬಳೇ. ಸುಣ್ಣ ಬಿತ್ತು ತಟ್ಟೆಗೆ. ಬಂದ್ರು ಅಂತ ಅನ್ನಕ್ಕೆ ಬಾಯೇ ಬರ್ಲಿಲ್ಲ ನಂಗೆ. ಸುಣ್ಣದ ಸಮೇತ ಉಂಡು ಎದ್ದೆ."

ನಾನು ಹಬ್ಬ ಹಬ್ಬಕ್ಕೂ ಹೋಗಿ ಕೇಳಿಸಿಕೊಂಡು ಬಂದ ಆ ಮಾತುಗಳೆಲ್ಲ ಒಟ್ಟಿಗೆ ನೆನಪಾದವು. ನನ್ನ ತಮ್ಮ ಅಷ್ಟೂ ವರ್ಷ ನನ್ನ ತಲೆಯ ಮೇಲಿದ್ದ. ನಾನು ಕೆಳಗೆ ಕೂತು ಹೋಳಿಗೆ ತಿಂದಿದ್ದೆ.

"ಮತ್ತೆ ಮೂರು ಅಂತ ಯಾಕಂದೆ?"

"ಇನ್ನೊಂದು ಗಳಿಗೆ ತಡೀರಿ, ಮೂರೇ ಆಗ್ತದೆ. ನಾಕನೇದು ಉರಿದು ಅವರು ಇಳಿದು ಬರ್ತಾರೆ. ಆಮ್ಯಾಗೆ ಮೂರು ಚಕ್ರ ಸಾಕಲ್ಲ ನಿಮಗೆ. ನಾನು ಸುಳ್ಳು ಹೇಳಿಲ್ಲ ಭಾವ, ಸ್ವಲ್ಪ ಮುಂಚೆ ಹೇಳಿದೀನಿ, ಅಷ್ಟೇ."

ಅವಳ ಹೂವು, ಮಡಿಸೀರೆ ಎಲ್ಲ ಆಗ ನನಗೆ ಅರ್ಥವಾದವು. ಗಂಡ ಬರುವ ದಿನಕ್ಕೆ ಸಿಂಗರಿಸಿಕೊಂಡು ನಿಂತಿದ್ದಳು. "ಬೆಂಕಿ..." ಎಂದು ಬಾಯಿ ತೆರೆದೆ.

"ಕೊಡ ಇಡಾದ್ ಬಿಟ್ಟೆ. ದಿನಾ ಸಂಜೆ ಮೆಟ್ಲ ಮ್ಯಾಲೆ ಸೌದೆ ಇಟ್ಟೆ. ಒಣಗಿದ್ದೇ ನೋಡಿ ನೋಡಿ ಇಟ್ಟೆ. ಬೆಳಿಗ್ಗೆ ಇರ್ತಿರ್ಲಿಲ್ಲ. ನಿನ್ನೆ ಬೆಂಕಿಪೊಟ್ಟಣನೂ ಇಟ್ಟೆ."

"ತಣ್ಣಗೇ ಐತಲ್ಲೋ! ಏನ್ಮಾಡ್ತಿದೀಯಾ?" ಎಂದು ಸಾಹೇಬರು ಕೂಗಿದರು.

ಸಂಖ್ಯೆ ನನಗೆ ಸಿಕ್ಕಿತ್ತು. ಒಲೆ ಹಚ್ಚುವವಳ ಬಾಯಿಂದಲೇ ಸಿಕ್ಕಿತ್ತು. ಅದು ಸಿಕ್ಕಿದೆ ಎಂದು ನಮ್ಮಿಬ್ಬರಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ. ನಾನು ಏನೂ ಮಾಡಬೇಕಾಗಿರಲಿಲ್ಲ. ಹಿಡಿಯನ್ನು ಇದ್ದಲ್ಲೇ ಬಿಟ್ಟು ಗೇಜು ನೋಡುತ್ತ ನಿಂತಿದ್ದರೆ ಸಾಕು, ನಾಲ್ಕನೆಯದು ಉರಿದುಹೋಗುತ್ತಿತ್ತು, ತಿಪ್ಪೇಶ ಮೆಟ್ಟಿಲಿಳಿದು ಬರುತ್ತಿದ್ದ, ಆಮೇಲೆ ಮೂರು ಚಕ್ರದ ನೀರು ಸರಿಯಾಗಿ ಹೋಗಿ ಬೆಂಕಿಗೆ ತಾಗುತ್ತಿತ್ತು, ಅವ್ವ ಅಪ್ಪ ಅಜ್ಜಿ ತಮ್ಮ ತಮ್ಮ ಜಾಗದಲ್ಲಿ ಉಳಿಯುತ್ತಿದ್ದರು. ಮನೆಯವಳು ಹೇಳಿದಂತೆ ಮಾಡಿದೆ ಎಂದರೆ ಊರಲ್ಲಿ ಯಾರೂ ನನ್ನದು ತಪ್ಪೆನ್ನುವಂತಿರಲಿಲ್ಲ. ಪಾಲಮ್ಮನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ನನಗೂ ಅವನು ಬೇಕಿತ್ತು. ಇದನ್ನು ಮುಚ್ಚಿಡುವುದಿಲ್ಲ. ಒಮ್ಮೆ, ಒಂದೇ ಒಮ್ಮೆ ಅವನ ಮುಖ ನೋಡಲು ನಾನು ಏನನ್ನಾದರೂ ಕೊಡುತ್ತಿದ್ದೆ.

ಆದರೆ ಬರುವುದು ಅವನ ಮುಖವಲ್ಲ, ಬೆನ್ನು. ಪಡಸಾಲೆಯಲ್ಲಿ ಗೋಡೆಗೆ ತಿರುಗಿ ಕೂತು, ಪಾಲಮ್ಮ ಬಗ್ಗಿ ಬಗ್ಗಿ ಕರೆದರೂ ತಿರುಗದೆ, ಕೊಡಗಟ್ಟಲೆ ನೀರು ಕುಡಿಯುತ್ತ ಕೂರುವ ಬೆನ್ನು. ಇವಳು ಅದರ ಹಿಂದೆ ಕೂತು ಆಯುಸ್ಸು ಕಳೆಯುತ್ತಾಳೆ. ಉರಿದ ಮಹಡಿ ಮತ್ತೆ ಏಳುವುದಿಲ್ಲ. ಒಮ್ಮೆ ಕೆಳಗೆ ಬಂದವನಿಗೆ ಮೇಲೆ ಜಾಗವಿಲ್ಲ. ನನ್ನ ತಮ್ಮ ಹಾಡು ಹೇಳಿದ ಮನೆಯಲ್ಲಿ ಅಂಥದ್ದೊಂದು ಕೂರಬಾರದು ಎನ್ನಿಸಿತು.

"ಪಾಲಾ, ಬರೋನು ತಿಪ್ಪೇಶ ಅಲ್ಲ ಕಣವ್ವ."

"ನಿಮಗೇನ್ ಗೊತ್ತು?"

"ಆಚಾರಿ ಮನೇಲಿ..."

"ಆಚಾರಿ ಮನೇಲಿ ಅವಳನ್ನ ಬೇಕು ಅಂದೋರು ಯಾರಿದ್ರು ಭಾವ? ಗಂಡನೇ ಲೆಕ್ಕದಿಂದ ಕೈಬಿಟ್ಟಿದ್ದ. ಅಂಥ ಮನೇಲಿ ನಾನಾಗಿದ್ರೂ ಗ್ವಾಡೆ ಕಡೆನೇ ತಿರುಗ್ತಿದ್ದೆ."

ಅವ್ವಾ ಎಂದು ಕೂಗಿದ ಆ ಮಗ ನನ್ನ ಕಣ್ಣ ಮುಂದೆ ಬಂದ. ನನ್ನ ಕೈ ಎಂಜಿನ್ನಿನ ಹಿಡಿಯ ಮೇಲಿತ್ತು. ಅದರ ಮೇಲೆ ಅವಳು ಕೈ ಇಟ್ಟಳು. ಪಂಕ್ಚರ್ ಹಾಕಿ ಹಾಕಿ ಒರಟಾದ ಕೈ. ನಾನು ಅದನ್ನು ಸರಿಸಿದೆ.

ಚಕ್ರಗಳ ಸಾಲು ಬದಲಿಸಬೇಕಾದರೆ ಮೊದಲು ಎಂಜಿನ್ ಇಳಿಸಬೇಕು. ಒತ್ತಡ ಇರುವಾಗಲೇ ಹಿಡಿ ತಿರುಗಿಸಿದರೆ ನೀರು ಪೈಪಿನೊಳಗೆ ಸುತ್ತಿಗೆ ಬಡಿದಂತೆ ಬಡಿದು, ಪೈಪು ಒಡೆದು, ನಳಿಗೆ ಹಿಡಿದವನನ್ನು ಎತ್ತಿ ಎಸೆಯುತ್ತದೆ. ಇಳಿಸಿದೆ. ಮುಳ್ಳು ಕೆಳಗೆ ಬಂತು. ಪೈಪು ಬೀದಿಯ ಮೇಲೆ ಸುಮ್ಮನೆ ಮಲಗಿತು. ಮೇಲೆ ಹೋಗುತ್ತಿದ್ದ ನೀರು ನಿಂತು, ಇಡೀ ಬೀದಿಗೆ ಒಂದು ಕ್ಷಣ ನಿಶ್ಶಬ್ದ ಬಂತು. ಆ ನಿಶ್ಶಬ್ದದಲ್ಲಿ, ನಮ್ಮ ಮನೆಯ ಒಳಗೆ, ಬಹಳ ಮೇಲೆ, ಯಾರೋ ಮೆಟ್ಟಿಲಿಳಿಯುವ ಸದ್ದು ಕೇಳಿಸಿತು.

ನಿಧಾನವಾಗಿ ಇಳಿಯುತ್ತಿರಲಿಲ್ಲ. ಎರಡೆರಡು ಮೆಟ್ಟಿಲು ಹಾರಿ, ತಿರುವಿನಲ್ಲಿ ಗೋಡೆಗೆ ಅಂಗೈ ತಟ್ಟಿ ಇಳಿಯುತ್ತಿತ್ತು. ಯರ್ರಿಸ್ವಾಮಿ ನಳಿಗೆ ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದ. ದಸ್ತಗೀರ್ ಸಾಹೇಬರು ಬಾಯಲ್ಲೇ ಏನೋ ಪಠಿಸತೊಡಗಿದರು. ಕಿಟಕಿಗಳಿಂದ ನೋಡುತ್ತಿದ್ದ ನೆರೆಹೊರೆಯವರು ಕದ ಹಾಕಿಕೊಂಡರು. ಪಾಲಮ್ಮ ಸೀರೆಯ ನೆರಿಗೆ ಹಿಡಿದು ಮನೆಯೊಳಗೆ ಓಡಿದಳು. ಒಳಗಿನ ಮೆಟ್ಟಿಲ ಮೇಲೆ ಅವಳ ಬಳೆಯ ಸದ್ದು ಹತ್ತುತ್ತ ಹೋಯಿತು.

ನಾನು ಹಿಡಿಯನ್ನು ನಾಲ್ಕಕ್ಕೆ ತಿರುಗಿಸಿದೆ. ಒಳಗೆ ಬಾಗಿಲು ಜಾರಿದಂತೆ ವಾಲ್ವು ಜಾರಿ ಕೂತಿತು. ಎಂಜಿನ್ ಏರಿಸಿದೆ. ಮೊದಲನೆಯ ಚಕ್ರ ಎರಡನೆಯದಕ್ಕೆ ಕೊಟ್ಟಿತು, ಎರಡನೆಯದು ಮೂರನೆಯದಕ್ಕೆ, ಮೂರನೆಯದು ನಾಲ್ಕನೆಯದಕ್ಕೆ. ಪಂಪಿನ ದನಿ ಒಂದೊಂದೇ ಮೆಟ್ಟಿಲು ಹತ್ತಿದಂತೆ ಏರಿತು. ಮುಳ್ಳು ನಾನು ಎಂದೂ ನೋಡಿರದ ಅಂಕಿಯ ಮೇಲೆ ನಿಂತು ನಡುಗಿತು. ಪೈಪಿನಿಂದ ಹೊರಟ ನೀರು ತೆಳ್ಳಗಿತ್ತು, ತಂತಿಯ ಹಾಗೆ ಬಿಗಿಯಾಗಿತ್ತು. ನಾನು ಕಾಲ ಬೆರಳು ನೋಡುತ್ತ ನಿಂತೆ.

ಮೊದಲು ಮೇಲೆ ಚುಂಯ್ ಎಂದಿತು. ಆಮೇಲೆ ನೀರು ನಮ್ಮೆಲ್ಲರ ಮೇಲೆ ಬಿತ್ತು. ಸ್ನಾನದ ನೀರಿನಷ್ಟು ಬೆಚ್ಚಗಿತ್ತು, ಕರೀ ಮಸಿ ಬೆರೆತಿತ್ತು. "ಮುಟ್ತು! ಮುಟ್ತು ಓಬಣ್ಣಾ!" ಎಂದು ಯರ್ರಿಸ್ವಾಮಿ ಕುಣಿದಾಡಿದ. ನೀರು ಸಣ್ಣದಾದ್ದರಿಂದ ಬಹಳ ಹೊತ್ತು ಹಿಡಿಯಿತು. ಬೀಳುವ ನೀರು ಬೆಚ್ಚಗಿನಿಂದ ಉಗುರುಬೆಚ್ಚಗಾಯಿತು, ಕೊನೆಗೆ ತಣ್ಣಗಾಯಿತು. ಬೂದಿ ನಿಂತಿತು. ಮೇಲಿನ ಮಹಡಿಗಳೆಲ್ಲ ನಿಂತಿವೆ ಎಂದು ಸಾಹೇಬರು ಗೋಡೆಗೆ ಕಿವಿಯಿಟ್ಟು ಕೇಳಿ ಹೇಳಿದರು. ಒಳಗೆ ಮೇಲೆಲ್ಲೋ ಒಂದು ಕದ ಮುಚ್ಚಿಕೊಂಡಿತಂತೆ.

ಅವರಿಬ್ಬರೂ ಪೈಪು ಸುತ್ತುತ್ತ ಬೀದಿಯ ಆ ಕೊನೆಗೆ ಹೋದರು. ನಾನು ಪಂಪಿನಲ್ಲಿ ಉಳಿದ ನೀರನ್ನು ಬಸಿಯುತ್ತ ಕೂತೆ. ಪಾಲಮ್ಮ ಹೊರಗೆ ಬಂದಳು. ಹೂವು ಎಲ್ಲೋ ಉದುರಿತ್ತು, ಸೀರೆ ಮಸಿ ನೀರಿನಲ್ಲಿ ತೋಯ್ದಿತ್ತು. ಅವಳ ಬಲಗೈ ಮುಷ್ಟಿಯಾಗಿತ್ತು, ಯಾರದೋ ಕೈಯಿಂದ ಈಗಷ್ಟೇ ಬಿಡಿಸಿಕೊಂಡಂತೆ. ನನ್ನ ಮುಂದೆ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಅವ್ರೇ ಬಂದಿದ್ರು ಭಾವ" ಎಂದಳು. "ಕಡೇ ತಿರುವಿನ ತಂಕ ಬಂದಿದ್ರು. ಗ್ವಾಡೆ ಕಡೆ ತಿರುಗ್ಲಿಲ್ಲ. ನನ್ನ ಹೆಸರು ಹಿಡಿದು ಕರೆದ್ರು. ಪಾಲಾ, ಬಾಳ ಸೊರಗಿದೀಯ ಅಂದ್ರು."

ನಾನು ನೀರು ಬಸಿಯುವ ನಲ್ಲಿಯನ್ನು ಮುಚ್ಚಿದೆ.

"ಕೈ ಹಿಡಿದೆ. ಬೆಚ್ಚಗಿತ್ತು ಕೈ. ಅಷ್ಟರಾಗೆ ಮ್ಯಾಲೆ ಚುಂಯ್ ಅಂತು. ಅವರು ಕತ್ತೆತ್ತಿ ಕೇಳಿದ್ರು, ನೀರು ಬಿಡ್ತಿರೋರು ಯಾರು ಅಂತ. ನಿಮ್ಮಣ್ಣ ಅಂದೆ."

"ಏನಂದ?"

"ಅಣ್ಣನೇ ಬ್ಯಾಡ ಅಂದ್ರೆ ಹೆಂಗೆ ಬರ್ಲಿ ಪಾಲಾ ಅಂದ್ರು. ಕೈ ಬಿಡಿಸ್ಕೊಂಡು ಹತ್ತಿ ಹೋಗ್ಬಿಟ್ರು."

ಅಷ್ಟು ಹೇಳಿ ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು. ನಾನು ಗಾಡಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಸಾಹೇಬರು ದೂರದಿಂದ ನೋಡಿ, ಹತ್ತಿರ ಬಾರದೆ, ಸುತ್ತಿದ ಪೈಪನ್ನು ಬಿಚ್ಚಿ ಮತ್ತೆ ಸುತ್ತತೊಡಗಿದರು.

ಪಾಲಮ್ಮ ನನ್ನನ್ನು ನೋಯಿಸಲು ಹಾಗೆ ಹೇಳಿರಬಹುದು ಎಂದು ಸಾಹೇಬರು ಆಗಾಗ ಸಮಾಧಾನ ಹೇಳುತ್ತಾರೆ. ಇರಬಹುದು. ಮುಖ ಕಾಣದಷ್ಟು ಹೊಗೆಯಲ್ಲಿ ಅವಳಿಗೆ ಏನೇನೋ ಕೇಳಿಸಿರಲೂಬಹುದು. ಆದರೆ ಆ ಮಾತು ಅವನದೇ. ಚಿಕ್ಕಂದಿನಿಂದಲೂ ನಾನು ಬೇಡ ಎಂದದ್ದನ್ನು ತಿಪ್ಪೇಶ ಮಾಡಿದವನಲ್ಲ. ಈಜಲು ಹೋಗಬೇಡ ಎಂದರೆ ದಡದಲ್ಲೇ ಕೂತು ಉಳಿದವರ ಬಟ್ಟೆ ಕಾಯುತ್ತಿದ್ದ. ಮದುವೆಗೂ ನನ್ನನ್ನು ಕೇಳಿಯೇ ಹೂಂ ಎಂದಿದ್ದ. ಹೊಳೆ ದಾಟಿದ ಆ ಬೆಳಿಗ್ಗೆ ಒಂದೇ ಅವನು ನನ್ನನ್ನು ಕೇಳದೆ ಹೋದದ್ದು.